ಗುದ್ದಿ ಹಣ್ಣು ಮಾಡಬಹುದೋ?

ನಮ್ಮ ಹಳ್ಳಿಗಳಲ್ಲಿ ಒಂದು ಮಾತು ಉಂಟು. ಆಗದ ಕೆಲಸವನ್ನು ಆತುರದಿಂದ ಆಗಿಸಲು ಹೊರಟವನನ್ನು ನೋಡಿ, "ಗುದ್ದಿ ಹಣ್ಣು ಮಾಡಲು ಹೊರಟಿದ್ದಾನೆ" ಎಂದು ಹಿರಿಯರು ನಗುವದುಂಟು. ಕಾಯನ್ನು ಗುದ್ದಿದರೆ ಅದು ಮೆತ್ತಗಾಗುವದು ನಿಜವೇ. ಆದರೆ ಮೆತ್ತಗಾದದ್ದೆಲ್ಲಾ ಹಣ್ಣಲ್ಲವೆಂಬದು ಬಾಯಲ್ಲಿಟ್ಟ ಮೇಲೆ ತಿಳಿಯುವದು. ಆದರೂ ಈ ಮಾತನ್ನು ಹೇಳಿ ನಕ್ಕವರೇ ಮರುದಿವಸ ಬಾಳೆಯ ಗೊನೆಗೆ ಹೊಗೆ ಹಾಕುವರು, ಮಾವಿನ ಕಾಯನ್ನು ಹುಲ್ಲಿನಲ್ಲಿ ಮುಚ್ಚಿಡುವರು. ಹೀಗಿರಲಾಗಿ ಒಂದು ಪ್ರಶ್ನೆಯು ಏಳುವದು. ತನ್ನ ಕಾಲದಲ್ಲಿ ತಾನಾಗಿಯೇ ಆಗತಕ್ಕದ್ದನ್ನು ಮನುಷ್ಯನು ತ್ವರೆಪಡಿಸುವದು ನ್ಯಾಯವೋ ಅನ್ಯಾಯವೋ? ನ್ಯಾಯವಾದರೆ ಎಲ್ಲಿಯ ವರೆಗೆ ನ್ಯಾಯ? ಪ್ರಿಯ ವಾಚಕರೇ, ಈ ಪ್ರಶ್ನೆಯ ಉತ್ತರವನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕದೆ, ನಿಮ್ಮ ಹಿತ್ತಲಲ್ಲಿರುವ ಟೊಮೇಟೊ ಗಿಡದ ಬಳಿಯಲ್ಲಿಯೇ ನಿಂತು ಆಲೋಚಿಸೋಣ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಬಚ್ಚಲ ನೀರು ಹರಿಯುವ ಕಡೆಯಲ್ಲಿ ನಾಲ್ಕಾರು ಟೊಮೇಟೊ ಗಿಡಗಳನ್ನು ಇಟ್ಟುಕೊಂಡಿರುವ ಮನೆಗಳು ಬಹಳ. ಕಾವೇರಿಯ ನಾಲೆಗಳ ಕೆಳಗಿರುವ ಶ್ರೀರಂಗಪಟ್ಟಣ ಪಾಂಡವಪುರಗಳ ಊರುಗಳಲ್ಲಿ ನೆಲವು ತಣ್ಣಗೆ ಇರುವದು. ನಾಗಮಂಗಲದ ರಾಗಿಯ ಹೊಲಗಳ ಕಡೆಯಲ್ಲಿ ಕೊಡದ ನೀರನ್ನು ಹೊತ್ತು ಹಾಕಬೇಕಾಗುವದು. ಆದರೆ ಎರಡೂ ಕಡೆಯ ಗೃಹಿಣಿಯರ ದೂರು ಒಂದೇ. "ಗಿಡ ಚೆನ್ನಾಗಿದೆ, ಕಾಯಿ ತುಂಬಾ ಬಿಟ್ಟಿದೆ, ಹಣ್ಣು ಮಾತ್ರ ಆಗಲೊಲ್ಲದು" ಎಂದು ಅವರು ಹೇಳುವರು. ದಿನವೂ ಹೋಗಿ ನೋಡುವರು, ಹಿಸುಕಿ ನೋಡುವರು, ಬಿಸಿಲು ಬೀಳಲೆಂದು ಎಲೆಗಳನ್ನು ಕಿತ್ತುಹಾಕುವರು, ಇನ್ನಷ್ಟು ಗೊಬ್ಬರವನ್ನೂ ಇನ್ನಷ್ಟು ನೀರನ್ನೂ ಕೊಡುವರು. ಆದಾಗ್ಯೂ ಕಾಯಿ ಹಸುರಾಗಿಯೇ ನಿಂತಿರುವದು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ, ಕಾಯಿಯು ಮಾಡುವ ಕೆಲಸಗಳು ಎರಡೆಂದು ಮೊದಲು ತಿಳಿಯಬೇಕು. ಬಲಿಯುವದು ಒಂದು, ಮಾಗುವದು ಮತ್ತೊಂದು. ಹೂವು ಕಚ್ಚಿದ ದಿವಸದಿಂದ ಸುಮಾರು 40 ಅಥವಾ 50 ದಿವಸಗಳ ವರೆಗೆ, ತಳಿಯನ್ನೂ ಹವೆಯನ್ನೂ ಅನುಸರಿಸಿ, ಟೊಮೇಟೊ ಕಾಯಿಯು ಬಲಿಯುತ್ತಾ ಇರುವದು. ಈ ಕಾಲದಲ್ಲಿ ಅದು ತನ್ನ ಗಾತ್ರವನ್ನು ಹೊಂದುವದು, ಬೀಜಗಳನ್ನು ಕಟ್ಟಿಕೊಳ್ಳುವದು, ಬೀಜಗಳ ಸುತ್ತಲೂ ಲೋಳೆಯನ್ನು ತುಂಬಿಸಿಕೊಳ್ಳುವದು. ಹೊರಗಿನಿಂದ ನೋಡುವವನಿಗೆ ಇವುಗಳಲ್ಲಿ ಗಾತ್ರದ ಹೊರತು ಏನೂ ಕಾಣದು. ಆ ಮೇಲೆ ಒಂದು ವಾರ ಅಥವಾ ಹತ್ತು ದಿವಸಗಳಲ್ಲಿ ಮಾಗುವ ಕೆಲಸವು ನಡೆಯುವದು. ಹಸುರು ಹೋಗಿ ಹಳದಿಯೂ ಕೆಂಪೂ ಬರುವವು, ಹುಳಿ ತಗ್ಗುವದು, ಪರಿಮಳ ಹುಟ್ಟುವದು. ಜನರು ನೋಡಿ ಮೆಚ್ಚುವದು ಈ ಎರಡನೆಯ ಕೆಲಸವನ್ನು; ಆದರೆ ಇದು ಮೊದಲನೆಯ ಕೆಲಸದ ಮೇಲೆಯೇ ನಿಂತಿರುವದು.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರೆಂಬದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಹೀಚು, ಎಳೆಗಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು ಎಂದು ಒಂದೊಂದು ಹಂತಕ್ಕೆ ಒಂದೊಂದು ಹೆಸರನ್ನು ಅವರು ಇಟ್ಟರು. ಎಳೆಗಾಯಿಯೂ ಬಲಿತ ಕಾಯಿಯೂ ಬಣ್ಣದಲ್ಲಿ ಹಸುರೇ; ಆದರೆ ಅವುಗಳ ನಡುವೆ ಇರುವ ಅಂತರವು ದೋರೆಗಾಯಿಗೂ ಹಣ್ಣಿಗೂ ಇರುವ ಅಂತರಕ್ಕಿಂತ ದೊಡ್ಡದು. ಹೇಗಂದರೆ, ಒಂದೇ ಗಾತ್ರದ ಎರಡು ಹಸುರು ಟೊಮೇಟೊಗಳನ್ನು ಕಿತ್ತು ಕತ್ತಿಯಿಂದ ಕೊಯ್ದು ನೋಡಿರಿ. ಕತ್ತಿಯ ಬಾಯಿಗೆ ಸಿಕ್ಕಿ ಬೀಜಗಳು ಎರಡಾಗಿ ತುಂಡಾದರೆ ಅದು ಇನ್ನೂ ಎಳೆಯದು. ಬೀಜಗಳು ಲೋಳೆಯಲ್ಲಿ ಜಾರಿ ಕತ್ತಿಗೆ ಸಿಕ್ಕದೆ ಪಕ್ಕಕ್ಕೆ ಸರಿದರೆ ಅದು ಬಲಿತದ್ದು. ಬಲಿತದ್ದನ್ನು ಗಿಡದಿಂದ ಕಿತ್ತರೂ ಅದು ಮನೆಯೊಳಗೆ ಮಾಗುವದು. ಎಳೆಯದು ಹೆಚ್ಚಾಗಿ ಸುಕ್ಕಿ ಹೋಗುವದು. ಏನಾದರೂ ಉಪಾಯದಿಂದ ಅದರ ಸಿಪ್ಪೆಗೆ ಕೆಂಪನ್ನು ತರಿಸಿದರೂ ಅದರೊಳಗೆ ರುಚಿಯನ್ನು ತರಿಸಲಾಗದು. ಯಾಕಂದರೆ ರುಚಿಗೆ ಬೇಕಾದ ಸಾಮಗ್ರಿಯು ಗಿಡದಿಂದ ಅದಕ್ಕೆ ಇನ್ನೂ ಬಂದಿರಲಿಲ್ಲ.

ಹಾಗಾದರೆ ಬಲಿತ ಕಾಯಿಯೂ ಗಿಡದಲ್ಲಿ ಕೆಂಪಾಗದೆ ನಿಲ್ಲುವದೇಕೆ? ಇದಕ್ಕೆ ಮುಖ್ಯ ಕಾರಣವು ಶಾಖ. ಟೊಮೇಟೊ ಹಣ್ಣಿಗೆ ಕೆಂಪು ಬಣ್ಣವನ್ನು ಕೊಡುವ ಲೈಕೋಪೀನ್ ಎಂಬ ವಸ್ತುವು ಸುಮಾರು 20ರಿಂದ 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚೆನ್ನಾಗಿ ಉಂಟಾಗುವದು. ಶಾಖವು 30 ಡಿಗ್ರಿಗಿಂತ ಬಹಳ ಮೇಲೇರಿದರೆ ಅದು ಉಂಟಾಗುವದು ಕುಗ್ಗುವದು. ಹಳದಿ ಬಣ್ಣವು ಮಾತ್ರ ಬರುತ್ತಾ ಇರುವದರಿಂದ ಹಣ್ಣು ಕೆಂಪಾಗದೆ ಹಳದಿಯಾಗಿ ನಿಲ್ಲುವದು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ನಮ್ಮ ಸೀಮೆಯ ಹಗಲು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಆದದರಿಂದ ಎಲೆಗಳನ್ನು ಕಿತ್ತು ಕಾಯಿಗೆ ಬಿಸಿಲನ್ನು ಕೊಡುವವಳು ಉಪಕಾರವನ್ನಲ್ಲ, ಅಪಕಾರವನ್ನೇ ಮಾಡುತ್ತಾಳೆ. ಮಾಗುವದಕ್ಕೆ ಬಿಸಿಲು ಬೇಕಾಗಿಯೇ ಇಲ್ಲ. ಬಿಸಿಲು ಬೇಕಾದದ್ದು ಎಲೆಗೆ. ಮರೆಯಿಲ್ಲದ ಕಾಯಿಯ ಹೆಗಲು ಬೆಂದು ಬೆಳ್ಳಗಾಗುವದು. ಹಾಗೆಯೇ ಹಟ್ಟಿಯ ಗೊಬ್ಬರವನ್ನೂ ಯೂರಿಯವನ್ನೂ ಮಿತಿ ಮೀರಿ ಕೊಟ್ಟರೆ ಗಿಡವು ಎಲೆಯಲ್ಲಿಯೇ ತನ್ನ ಬಲವನ್ನು ತೀರಿಸುವದು. ಒಂದು ದಿವಸ ಒಣಗಿಸಿ ಮತ್ತೊಂದು ದಿವಸ ಕೊಡಗಟ್ಟಲೆ ಸುರಿದರೆ ಮಾಗಲಾರಂಭಿಸಿದ ಹಣ್ಣು ಬಿರಿಯುವದು. ಪೊಟ್ಯಾಷ್ ಸಾಲದೆ ಹೋದರೆ ಹಣ್ಣಿನ ಬಣ್ಣವು ಅಲ್ಲಲ್ಲಿ ಮಚ್ಚೆ ಮಚ್ಚೆಯಾಗುವದು. ಸೌದೆಯ ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವದರಿಂದ ಅದನ್ನು ಹಿತವಾಗಿ ಬುಡಕ್ಕೆ ಹಾಕಬಹುದು. ನೀರನ್ನು ಕ್ರಮವಾಗಿ ಕೊಡುವದು, ಗಿಡಕ್ಕೆ ಆಸರೆಯ ಕೋಲನ್ನು ಕಟ್ಟುವದು, ಕಾಯಿ ಸಾಕಷ್ಟು ಕಚ್ಚಿದ ಮೇಲೆ ಕುಡಿಯನ್ನು ಚಿವುಟಿ ಇದ್ದ ಕಾಯಿಗಳಿಗೇ ಬಲವು ಹೋಗುವಂತೆ ಮಾಡುವದು, ಇಷ್ಟೇ ನಮ್ಮ ಕೈಯಲ್ಲಿರುವದು.

ಇದರಲ್ಲಿ ಒಂದು ದೊಡ್ಡ ಪಾಠ ಉಂಟು. ನಾವು ಲೆಕ್ಕಿಸಿದ ಈ ಕೆಲಸಗಳಲ್ಲಿ ಒಂದಾದರೂ ಹಣ್ಣನ್ನು ಹಣ್ಣು ಮಾಡುವ ಕೆಲಸವಲ್ಲ. ಎಲ್ಲವೂ ಅಡ್ಡಿಯನ್ನು ತೆಗೆಯುವ ಕೆಲಸಗಳೇ. ಬೆಂಕಿಯಂಥ ಬಿಸಿಲು ಒಂದು ಅಡ್ಡಿ, ಅಕ್ರಮವಾದ ನೀರು ಒಂದು ಅಡ್ಡಿ, ಅತಿಯಾದ ಗೊಬ್ಬರವೂ ಒಂದು ಅಡ್ಡಿ. ಕಡೆಯದನ್ನು ವಿಶೇಷವಾಗಿ ಗಮನಿಸಿರಿ. ಪ್ರೀತಿಯಿಂದ ಕೊಟ್ಟದ್ದೂ ಅಡ್ಡಿಯಾಗಬಲ್ಲದು. ಮಾಗುವದು ಕಾಯಿಯ ಸ್ವಂತ ಕೆಲಸ. ಅದನ್ನು ಅದಕ್ಕೆ ಬದಲಾಗಿ ಮಾಡಿಕೊಡಲು ಯಾರಿಂದಲೂ ಆಗದು.

ಹಾಗಾದರೆ ಗಿಡದಲ್ಲಿಯೇ ಪೂರಾ ಕೆಂಪಾಗುವ ವರೆಗೆ ಬಿಟ್ಟು ಕಾಯುವದೇ ಸರಿಯಾದ ಮಾರ್ಗವೋ? ಅಲ್ಲ. ಬಲಿತ ಕಾಯಿಯ ತುದಿಯಲ್ಲಿ ನಸುಗೆಂಪು ಕಾಣಿಸಿದ ಕೂಡಲೇ, ಅಂದರೆ ಅದು ದೋರೆಗಾಯಾದ ಕೂಡಲೇ, ಕಿತ್ತು ಮನೆಯೊಳಗೆ ತಣ್ಣಗಿರುವ ಮೂಲೆಯಲ್ಲಿ ಬುಟ್ಟಿಯಲ್ಲಿಟ್ಟರೆ ಅದು ಕೆಲವು ದಿವಸಗಳಲ್ಲಿ ಪೂರಾ ಹಣ್ಣಾಗುವದು, ರುಚಿಯಲ್ಲಿಯೂ ಹೆಚ್ಚು ಕೊರತೆ ಬಾರದು. ಬೇಸಗೆಯಲ್ಲಿ ಇದೇ ಒಳ್ಳೆಯ ಕ್ರಮ. ಯಾಕಂದರೆ ಹೊರಗಿನ ಕಾವಿಗಿಂತ ಮಣ್ಣಿನ ಗೋಡೆಯ ಒಳಗಿನ ತಂಪಿನಲ್ಲಿ ಕೆಂಪು ಚೆನ್ನಾಗಿ ಏರುವದು. ಹಕ್ಕಿಯ ಮತ್ತು ಕಾಯಿಕೊರಕ ಹುಳದ ಭಯವೂ ತಪ್ಪುವದು. ಇನ್ನೂ ಬೇಗ ಬೇಕಾದರೆ ಬುಟ್ಟಿಯಲ್ಲಿ ಒಂದೆರಡು ಮಾಗಿದ ಬಾಳೆಹಣ್ಣುಗಳನ್ನಿಟ್ಟು ಕಾಗದವನ್ನೋ ಹುಲ್ಲನ್ನೋ ಮುಚ್ಚಬಹುದು. ಫ್ರಿಜ್ಜಿನಲ್ಲಿ ಮಾತ್ರ ಇಡತಕ್ಕದ್ದಲ್ಲ. ಹೆಚ್ಚು ತಂಪಿನಲ್ಲಿ ಮಾಗುವ ಕೆಲಸವು ನಿಂತುಹೋಗುವದು, ಪರಿಮಳವೂ ಕೆಡುವದು.

ಬಾಳೆಹಣ್ಣು ಟೊಮೇಟೊವನ್ನು ಹಣ್ಣು ಮಾಡುವದು ಹೇಗೆ? ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಹೊರಗೆ ಬಿಡುವದು. ಅದು ತಗಲಿದ ಬಲಿತ ಕಾಯಿಯು ತಾನೂ ಮಾಗಲಾರಂಭಿಸಿ ಅದೇ ಅನಿಲವನ್ನು ಬಿಡುವದು. ಹಣ್ಣುಗಳು ತಾವೇ ಈ ಅನಿಲವನ್ನು ಉಂಟುಮಾಡುತ್ತವೆಂದು 1934ನೆಯ ವರುಷದಲ್ಲಿ ಇಂಗ್ಲೆಂಡಿನ ಗೇನ್ ಎಂಬ ಶಾಸ್ತ್ರಜ್ಞನು ಸೇಬುಹಣ್ಣುಗಳಿಂದ ಸ್ಥಾಪಿಸಿದನು. ಹೊಗೆಯಲ್ಲಿಯೂ ಈ ಅನಿಲ ಸ್ವಲ್ಪ ಇರುವದು. ಆದದರಿಂದಲೇ ಬಾಳೆಗೊನೆಗೆ ಹೊಗೆ ಹಾಕಿದ ನಮ್ಮ ಹಿರಿಯರು ಅದರ ಹೆಸರನ್ನು ಅರಿಯದೆ ಅದರ ಉಪಯೋಗವನ್ನು ಅರಿತಿದ್ದರು.

ಈ ವಿದ್ಯೆಯು ಬಹಳ ಪುರಾತನವಾದದ್ದು. ತೆಕೋವದ ಪ್ರವಾದಿಯಾದ ಆಮೋಸನು ಕುರುಬನೂ ಅತ್ತಿಮರಗಳ ಕೆಲಸದವನೂ ಆಗಿದ್ದನೆಂದು ನೀವು ಬಲ್ಲಿರಿ. ಅವನ ಉದ್ಯೋಗವನ್ನು ಸೂಚಿಸುವ ಇಬ್ರಿಯ ಶಬ್ದಕ್ಕೆ ಅತ್ತಿಯ ಕಾಯಿಗಳನ್ನು ಚುಚ್ಚಿ ಅಥವಾ ಗೀರಿ ಹಣ್ಣಾಗಿಸುವವನೆಂದು ಅನೇಕ ಪಂಡಿತರು ಅರ್ಥಮಾಡುತ್ತಾರೆ. ಆ ದೇಶದ ಅತ್ತಿಯು ನಮ್ಮ ಹೊಳೆಗಳ ದಡದಲ್ಲಿರುವ ಅತ್ತಿಗೆ ಹತ್ತಿರದ ನಂಟು; ಕೃಷ್ಣರಾಜಪೇಟೆಗೆ ಮೊದಲು ಅತ್ತಿಕುಪ್ಪೆ ಎಂಬ ಹೆಸರಿತ್ತೆಂಬದನ್ನು ಆ ಕಡೆಯ ವಾಚಕರು ಇಲ್ಲಿ ನೆನಸಿಕೊಳ್ಳುವರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಥಿಯೊಫ್ರಾಸ್ಟಸನೆಂಬ ಗ್ರೀಕ್ ವಿದ್ವಾಂಸನು, ಐಗುಪ್ತದವರು ಕಬ್ಬಿಣದ ಉಗುರುಗಳಿಂದ ಅತ್ತಿಯ ಕಾಯಿಯನ್ನು ಗೀರುವರೆಂದೂ ಗೀರಿದ ನಾಲ್ಕನೆಯ ದಿವಸ ಅದು ಹಣ್ಣಾಗುವದೆಂದೂ ಬರೆದಿದ್ದಾನೆ. ಗಾಯವಾದ ಕಾಯಿಯು ತನ್ನೊಳಗೆ ಎಥಿಲೀನನ್ನು ಹುಟ್ಟಿಸುವದೆಂದು ಈಗಿನ ಶಾಸ್ತ್ರಜ್ಞರು ಇದಕ್ಕೆ ಕಾರಣವನ್ನು ಹೇಳುತ್ತಾರೆ. ಕಾಯಿಯ ದಿವಸವನ್ನು ಅರಿತು ಗೀರಬೇಕು. ಮುಂಚೆ ಗೀರಿದರೂ ತಡಮಾಡಿ ಗೀರಿದರೂ ಪ್ರಯೋಜನವಿಲ್ಲ. ಆದದರಿಂದ ತ್ವರೆಪಡಿಸುವದೆಲ್ಲಾ ದೋಷವೆಂದು ಹೇಳುವದಕ್ಕಾಗದು. ಮಾನವಾದ ಉದ್ಯೋಗವಾಗಿ ಬಡ ಜನರು ಅದರಿಂದ ಜೀವಿಸಿದರು.

ಇಲ್ಲಿ ಯಾವನಾದರೂ ಎದ್ದು, "ಹಾಗಾದರೆ ಹಣ್ಣಿನ ಮಂಡಿಯವನು ಕಾರ್ಬೈಡಿನ ಪೊಟ್ಟಣವನ್ನು ಇಡುವದರಲ್ಲಿ ತಪ್ಪೇನು? ಚುಚ್ಚುವದು ಸರಿ, ಹೊಗೆ ಹಾಕುವದು ಸರಿ, ಬಾಳೆಹಣ್ಣನ್ನಿಡುವದು ಸರಿ, ಇದೊಂದೇ ತಪ್ಪೋ?" ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯೇ. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗಲಿದರೆ ಅಸಿಟಿಲೀನ್ ಎಂಬ ಅನಿಲ ಹೊರಡುವದು. ಅದು ಎಥಿಲೀನಿನಂತೆಯೇ ಕಾಯಿಯ ಬಣ್ಣವನ್ನು ತಿರುಗಿಸುವದು. ಆದರೆ ಅಂಗಡಿಯ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕಗಳ ವಿಷಾಂಶಗಳು ಸೇರಿರುವವು. ಆದಕಾರಣ ಅದರಿಂದ ಹಣ್ಣುಮಾಡಿದ್ದನ್ನು ಮಾರಕೂಡದೆಂದು ನಮ್ಮ ದೇಶದ ಆಹಾರ ಸುರಕ್ಷತೆಯ 2011ನೆಯ ವರುಷದ ನಿಯಮಗಳಲ್ಲಿ ನಿಷೇಧವುಂಟು. 2016ರಲ್ಲಿ ಅದೇ ಇಲಾಖೆಯವರು ಎಥಿಲೀನ್ ಅನಿಲವನ್ನು, ಹತ್ತು ಲಕ್ಷ ಪಾಲಿಗೆ 100 ಪಾಲು ಮೀರದಂತೆ, ಮುಚ್ಚಿದ ಕೋಣೆಗಳಲ್ಲಿ ಉಪಯೋಗಿಸಲು ಅಪ್ಪಣೆ ಕೊಟ್ಟರು. ಹೀಗೆ ಕಾನೂನು ಸಹ ತ್ವರೆಯನ್ನು ನಿಷೇಧಿಸಲಿಲ್ಲ, ತ್ವರೆಯ ಒಂದು ವಿಧವನ್ನು ನಿಷೇಧಿಸಿತು.

ಆದರೆ ಕಾನೂನು ಎಲ್ಲಾ ಸಂಗತಿಗಳಿಗೂ ಇರುವದಿಲ್ಲ. ನಮ್ಮ ಮನಸ್ಸಾಕ್ಷಿಯೊಳಗೆ ಇಟ್ಟುಕೊಳ್ಳತಕ್ಕ ಅಳತೆ ಯಾವದು? ಟೊಮೇಟೊ ಗಿಡದ ಬಳಿಯಲ್ಲಿ ಕಲಿತದ್ದರಿಂದ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದೆಂದು ತೋರುವದು. ಮೊದಲನೆಯದು, ಒಳಗಿನ ಕೆಲಸವು ಮುಗಿದಿದೆಯೋ? ಬಲಿತದ್ದನ್ನು ಮಾಗಿಸುವದು ಸಹಾಯ. ಬಲಿಯದ್ದನ್ನು ಮಾಗಿದಂತೆ ತೋರಿಸುವದು ಸುಳ್ಳು. ಎರಡನೆಯದು, ತ್ವರೆಯ ಲಾಭ ಒಬ್ಬನಿಗೂ ಕೇಡು ಮತ್ತೊಬ್ಬನಿಗೂ ಆಗುವದೋ? ಚುಚ್ಚಿದವನೂ ಅದೇ ಹಣ್ಣನ್ನು ತಿಂದನು. ಕಾರ್ಬೈಡ್ ಇಟ್ಟವನಾದರೋ ಆ ಹಣ್ಣನ್ನು ತನ್ನ ಮಕ್ಕಳಿಗೆ ಕೊಡುವನೋ? ಮೂರನೆಯದು, ಮಾಡಿದ್ದನ್ನು ಬಾಯಿ ಬಿಟ್ಟು ಹೇಳಬಹುದೋ? "ಇದನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದೆನು" ಎಂದು ಸಂತೆಯಲ್ಲಿ ಕೂಗಿ ಹೇಳಿದರೂ ಕೊಳ್ಳುವವರು ಕೊಳ್ಳುವರು. ಮುಚ್ಚಿಡಬೇಕಾದ ಉಪಾಯವು ತನ್ನ ಮೇಲೆ ತಾನೇ ತೀರ್ಪು ಹೇಳಿಕೊಂಡ ಉಪಾಯವು.

ಈ ಅಳತೆಯು ಬಡ ಬೇಸಾಯಗಾರನಿಗೆ ಕಠಿಣವಾದದ್ದೆಂದು ನಾವು ಬಲ್ಲೆವು. 2023ನೆಯ ವರುಷದ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಪೆಟ್ಟಿಗೆಯು 2,000 ರೂಪಾಯಿಗಳಿಗೂ ಮೇಲೆ ಮಾರಿತು. ಬೇರೆ ಕಾಲಗಳಲ್ಲಿ ಅದೇ ಬೆಳೆಗೆ ಕೀಳುವ ಕೂಲಿಯೂ ಹುಟ್ಟದೆ ಜನರು ಅದನ್ನು ರಸ್ತೆಯ ಬದಿಯಲ್ಲಿ ಸುರಿದದ್ದುಂಟು. ಸಾಲ ತಂದವನಿಗೆ ಇಂದಿನ ಬೆಲೆಯು ನಾಳೆ ಇರುವದೆಂಬ ನಂಬಿಕೆ ಹೇಗೆ ಬರಬೇಕು? ಬಲಿಯದ ಕಾಯನ್ನೂ ಕಿತ್ತು ಬಣ್ಣ ತಿರುಗಿಸಿ ಕಳುಹಿಸಬೇಕೆಂಬ ಶೋಧನೆಯು ಅವನಿಗೆ ಬರುವದು ಸಹಜ. ಅವನನ್ನು ನಿಂದಿಸುವವನು ಮೊದಲು ಅವನ ಸಾಲದ ಚೀಟಿಯನ್ನು ನೋಡಲಿ.

ಆದಾಗ್ಯೂ ಅವನಿಗೆ ಒಂದು ಮಾತನ್ನು ಹೇಳಬೇಕು. ದೋರೆಗಾಯಿಯನ್ನು ಕಿತ್ತು ದೂರದ ಪೇಟೆಗೆ ಕಳುಹಿಸುವದು ಮೋಸವಲ್ಲ. ದಾರಿಯಲ್ಲಿ ಅದು ಮಾಗುವದು, ಕೊಂಡವನಿಗೆ ಹಣ್ಣೇ ಸಿಕ್ಕುವದು. ಎಳೆಗಾಯಿಯನ್ನು ಎಳೆಗಾಯೆಂದೇ ಮಾರುವದೂ ಮೋಸವಲ್ಲ. ಹಸುರು ಟೊಮೇಟೊ ಚಟ್ನಿಗೂ ಗೊಜ್ಜಿಗೂ ನಮ್ಮ ಮನೆಗಳಲ್ಲಿ ಗಿರಾಕಿ ಉಂಟು. ಕಾಯನ್ನು ಕಾಯೆಂದು ಹೇಳಿ ಕಡಿಮೆ ಬೆಲೆಗೆ ಕೊಟ್ಟವನು ಹಣವನ್ನು ಕಳೆದುಕೊಳ್ಳಬಹುದು. ಕಾಯನ್ನು ಹಣ್ಣೆಂದು ಕೊಟ್ಟವನಾದರೋ ತನ್ನ ಮಾತನ್ನು ಕಳೆದುಕೊಳ್ಳುವನು. ಒಂದು ಬೆಳೆಯ ಹಣವು ಮುಂದಿನ ಬೆಳೆಯಲ್ಲಿ ಬರಬಹುದು. ಸಂತೆಯಲ್ಲಿ ಹೋದ ಮಾತು ಹಿಂದಕ್ಕೆ ಬರುವದು ಕಷ್ಟ.

ಇದಕ್ಕೆ ಎದುರಾದ ದೋಷವೂ ಒಂದುಂಟು. ಅದೇನಂದರೆ, ಸೋಮಾರಿತನವನ್ನು ತಾಳ್ಮೆಯೆಂದು ಕರೆಯುವದು. "ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ಹೇಳುತ್ತಾ ಗಿಡಕ್ಕೆ ಕೋಲನ್ನು ಕಟ್ಟದೆ, ಹುಳವನ್ನು ನೋಡದೆ, ಮಾಗಿದ್ದನ್ನು ಕೀಳದೆ ಇರುವವನ ಹಣ್ಣುಗಳು ನೆಲಕ್ಕೆ ಬಿದ್ದು ಕೊಳೆಯುವವು. ಮಾಗಿದ್ದನ್ನು ಮಾಗದಂತೆ ಹಿಡಿದಿಡಲು ಪ್ರಯತ್ನಿಸಿದವರೂ ಇದ್ದರು. 1994ನೆಯ ವರುಷದಲ್ಲಿ ಅಮೇರಿಕದಲ್ಲಿ ಫ್ಲೇವರ್ ಸೇವರ್ ಎಂಬ ಹೆಸರಿನ ಟೊಮೇಟೊವನ್ನು ಮಾರಲಾರಂಭಿಸಿದರು. ಅದರ ಬೀಜಗುಣವನ್ನೇ ಮಾರ್ಪಡಿಸಿ, ಹಣ್ಣು ಬೇಗ ಮೆತ್ತಗಾಗದಂತೆ ಮಾಡಿದ್ದರು. ಕೆಲವೇ ವರುಷಗಳಲ್ಲಿ ಅದು ಅಂಗಡಿಗಳಿಂದ ಮಾಯವಾಯಿತು. ಕಾಲಕ್ಕೆ ಮುಂಚೆ ತರುವದು ಹೇಗೋ, ಕಾಲ ಬಂದ ಮೇಲೂ ತಡೆಯುವದು ಹಾಗೆಯೇ. ಎರಡರಲ್ಲಿಯೂ ಕಾಯಿಯ ಕಾಲವನ್ನು ಬಿಟ್ಟು ನಮ್ಮ ಅನುಕೂಲವನ್ನೇ ಗಡಿಯಾರವಾಗಿ ಮಾಡಿಕೊಳ್ಳುವೆವು.

ಇದು ವರೆಗೆ ಹೇಳಿದ್ದು ಹಣ್ಣಿನ ಸಂಗತಿ. ಆದರೆ ನಮ್ಮ ಮನೆಗಳಲ್ಲಿ ಗುದ್ದಿ ಹಣ್ಣು ಮಾಡುವದು ಟೊಮೇಟೊವನ್ನು ಮಾತ್ರವೋ? ಹುಡುಗಿಯೊಬ್ಬಳು ಋತುಮತಿಯಾದ ದಿವಸ ನಾವು ಹೇಳುವ ಮಾತನ್ನು ಕೇಳಿರಿ. "ದೊಡ್ಡವಳಾದಳು" ಎನ್ನುತ್ತೇವೆ. ಆ ಮಾತು ಬಾಯಿಂದ ಹೊರಟ ದಿವಸದಿಂದ ಗಂಡಿನ ಮಾತು ಮನೆಯಲ್ಲಿ ಆರಂಭವಾಗುವದು. ಆದರೆ ಅದು ಬಣ್ಣ ತಿರುಗಿದ ಗುರುತಾಗಿದೆಯೇ ಹೊರತು ಬಲಿತ ಗುರುತಲ್ಲ. ಹದಿಮೂರು ಹದಿನಾಲ್ಕು ವರುಷದ ದೇಹದಲ್ಲಿ ಎಲುಬುಗಳು ಇನ್ನೂ ಬೆಳೆಯುತ್ತಾ ಇರುವವು. ಎಳೆಯ ವಯಸ್ಸಿನಲ್ಲಿ ಬಸುರಾದವರಿಗೆ ಹೆರಿಗೆಯ ಅಪಾಯವೂ ಹುಟ್ಟಿದ ಕೂಸಿಗೆ ತೂಕದ ಕೊರತೆಯೂ ಹೆಚ್ಚೆಂದು ವೈದ್ಯರೆಲ್ಲರೂ ಬಲ್ಲರು. ಇನ್ನು ಮನಸ್ಸಿನ ಬೀಜಗಳು ಲೋಳೆಯಲ್ಲಿ ನೆಲೆಗೊಂಡಿವೆಯೋ ಎಂದು ಕೇಳುವವರು ಯಾರು?

ಈ ವಿಷಯದಲ್ಲಿ ಕಾನೂನು ಮೆಲ್ಲಮೆಲ್ಲಗೆ ಸತ್ಯಕ್ಕೆ ಸಮೀಪವಾಗುತ್ತಾ ಬಂತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಮಾಡಿದ ಕಾನೂನು 8 ವರುಷ ತುಂಬದ ಹೆಣ್ಣು ಮಕ್ಕಳ ಮದುವೆಯನ್ನು ನಿಷೇಧಿಸಿತು. ಆ ಕಾಲಕ್ಕೆ ಅದೂ ಧೈರ್ಯದ ಕೆಲಸವೇ ಆಗಿತ್ತು. 1929ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾನೂನು ಹೆಣ್ಣಿಗೆ 14 ವರುಷ, ಗಂಡಿಗೆ 18 ವರುಷ ಎಂದು ಗೊತ್ತುಮಾಡಿತು. 1978ರಲ್ಲಿ ಅವು 18 ಮತ್ತು 21 ಆದವು. 2006ನೆಯ ವರುಷದ ಬಾಲ್ಯವಿವಾಹ ನಿಷೇಧ ಕಾನೂನಿಗೆ ಕರ್ನಾಟಕವು 2016ರಲ್ಲಿ ತಿದ್ದುಪಡಿಯನ್ನು ತಂದು, ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಇಷ್ಟಾದರೂ 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವರುಷದ ಹೆಂಗಸರೊಳಗೆ ಐವರಲ್ಲಿ ಒಬ್ಬಳಿಗೆ 18 ತುಂಬುವದಕ್ಕೆ ಮುಂಚೆಯೇ ಮದುವೆಯಾಗಿತ್ತೆಂದು ಕಂಡುಬಂತು.

ತಂದೆತಾಯಿಗಳಿಗೂ ತಮ್ಮ ಕಾರಣಗಳುಂಟು. "ಕಾಲ ಕೆಟ್ಟಿದೆ, ಹುಡುಗಿಯನ್ನು ಎಷ್ಟು ದಿವಸ ಕಾಯೋಣ?" ಎಂದು ತಂದೆ ಹೇಳುವನು. "ಕಣ್ಣು ಮುಚ್ಚುವದರೊಳಗೆ ಮೊಮ್ಮಗಳ ಮದುವೆಯನ್ನು ನೋಡಬೇಕು" ಎಂದು ಅಜ್ಜಿ ಹೇಳುವಳು. ನೀರಾವರಿ ಜಮೀನಿರುವ ಮನೆಯ ಸಂಬಂಧವು ತಾನಾಗಿ ಬಂದಿದೆ, ಎರಡು ವರುಷ ಕಾದರೆ ತಪ್ಪಿಹೋಗುವದೆಂದು ಚಿಕ್ಕಪ್ಪನು ಹೇಳುವನು. ಇವರು ಕೆಟ್ಟವರಲ್ಲ. ಅತಿಯಾದ ಗೊಬ್ಬರವನ್ನು ಪ್ರೀತಿಯಿಂದಲೇ ಹಾಕಿದ ಗೃಹಿಣಿಯಂತೆ ಇವರೂ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಅವರ ಮುಂದೆ ಇಡೋಣ. ಒಳಗಿನ ಕೆಲಸ ಮುಗಿದಿದೆಯೋ? ಇಲ್ಲ. ಲಾಭ ಒಬ್ಬರಿಗೂ ಕೇಡು ಮತ್ತೊಬ್ಬರಿಗೂ ಆಗುವದೋ? ಭಾರ ಇಳಿಯುವದು ದೊಡ್ಡವರ ತಲೆಯಿಂದ, ಏರುವದು ಹುಡುಗಿಯ ಮೈಮೇಲೆ. ಬಾಯಿ ಬಿಟ್ಟು ಹೇಳಬಹುದೋ? ಹೇಳಬಹುದಾಗಿದ್ದರೆ ವಯಸ್ಸಿಗೆ ಎರಡು ವರುಷ ಸೇರಿಸಿ ಹೇಳುವದೇಕೆ? ದೂರದ ಊರಿನಲ್ಲಿ, ಹತ್ತಿರದ ನಂಟರಿಗೂ ತಿಳಿಸದೆ, ಬೆಳಗಾಗುವದರೊಳಗೆ ಮುಗಿಸುವದೇಕೆ? ಸೇರಿಸಿದ ಆ ಎರಡು ವರುಷಗಳು ಎಳೆಗಾಯಿಗೆ ತರಿಸಿದ ಬಣ್ಣವಲ್ಲದೆ ಮತ್ತೇನು?

ಇಲ್ಲಿಗೆ ನಮ್ಮ ಉಪಮಾನವು ಮುಗಿಯುವದು, ಮುಗಿಯಲೇಬೇಕು. ಯಾಕಂದರೆ ಹಣ್ಣು ಮಾಗುವದು ತಿನ್ನುವವನಿಗಾಗಿ. ಮಗಳು ಬೆಳೆಯುವದು ಯಾರ ಊಟಕ್ಕಾಗಿಯೂ ಅಲ್ಲ. ಹಣ್ಣು ಬಲಿತಿತೋ ಎಂದು ಕೊಯ್ದು ನೋಡುವ ಅಧಿಕಾರವು ಬೆಳೆದವನಿಗೆ ಉಂಟು. ಮನುಷ್ಯಳ ವಿಷಯದಲ್ಲಿ ಅಂಥ ಅಧಿಕಾರವು ತಂದೆಗೂ ಇಲ್ಲ. ಅವಳನ್ನು ಕೇಳಬೇಕು, ಕೇಳಿದ್ದಕ್ಕೆ ಭಯವಿಲ್ಲದೆ ಉತ್ತರ ಕೊಡುವ ವಯಸ್ಸು ಅವಳಿಗೆ ಬರುವ ವರೆಗೆ ಕಾಯಬೇಕು. ಕಾಯುವದೆಂದರೆ ಸುಮ್ಮನೆ ಕೂತಿರುವದೆಂದು ತಿಳಿಯಬೇಡಿರಿ. ಅಡ್ಡಿಗಳನ್ನು ತೆಗೆಯುವದೇ ಕಾಯುವದು. ಶಾಲೆಯು ದೂರವಾಗಿದ್ದರೆ ಅವಳ ಸಂಗಡ ಹೋಗಿ ಬರುವವರನ್ನು ಏರ್ಪಡಿಸುವದು, ಹೊಟ್ಟೆಗೆ ಗಂಡುಮಕ್ಕಳಷ್ಟೇ ಹಾಕುವದು, ಓದುವ ಹೊತ್ತಿನಲ್ಲಿ ಕೊಡವನ್ನು ಅವಳ ಕೈಗೆ ಕೊಡದಿರುವದು, ಇವುಗಳೇ ಆಸರೆಯ ಕೋಲೂ ಕ್ರಮವಾದ ನೀರೂ ಆಗಿವೆ. ಸಭೆಯ ಹಿರಿಯರೂ ನೆರೆಯವರೂ ಇಂಥ ಮದುವೆಯ ಸುದ್ದಿಯನ್ನು ಕೇಳಿ "ನಮಗೇಕೆ?" ಎಂದು ಸುಮ್ಮನಿರಬಾರದು. ಮೊದಲು ಮನೆಗೆ ಹೋಗಿ ಪ್ರೀತಿಯಿಂದ ಹೇಳತಕ್ಕದ್ದು; ಕೇಳದಿದ್ದರೆ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಗೆ ತಿಳಿಸತಕ್ಕದ್ದು. ಆಮಂತ್ರಣವನ್ನು ತಿರಸ್ಕರಿಸಿದ್ದರಿಂದ ನಂಟು ಕೆಲವು ದಿವಸ ಕೆಡಬಹುದು. ಊಟಕ್ಕೆ ಹೋಗಿ ಕೂತವನು ಆ ಕೆಲಸದಲ್ಲಿ ಪಾಲುಗಾರನೇ ಆಗುವನು.

ಇದೇ ಅಳತೆಯನ್ನು ಇನ್ನೂ ಅನೇಕ ಸಂಗತಿಗಳಿಗೆ ಹಿಡಿಯಬಹುದು. ಜಗಳವಾಡಿದ ಅಣ್ಣತಮ್ಮಂದಿರನ್ನು ಹಿಡಿದು ತಂದು ಎಲ್ಲರ ಮುಂದೆ ಕೈ ಕೂಡಿಸಿದ ಮಾತ್ರಕ್ಕೆ ಮನಸ್ಸು ಕೂಡುವದೋ? ಅವರ ನಡುವೆ ಇರುವ ಗದ್ದೆಯ ಬದುವಿನ ನ್ಯಾಯವನ್ನು ಮೊದಲು ತೀರಿಸಿದರೆ, ಕೈಗಳು ತಾವಾಗಿ ಕೂಡುವವು. ಆಲೆಮನೆಯ ಯಜಮಾನನನ್ನು ಕೇಳಿರಿ. ಎಳೆಯ ಕಬ್ಬಿನ ರಸವನ್ನು ಎಷ್ಟು ಕಾಸಿದರೂ ಬೆಲ್ಲವು ಅಚ್ಚಿಗೆ ಗಟ್ಟಿಯಾಗಿ ಕೂಡುವದು ಕಷ್ಟವೆಂದು ಅವನು ಹೇಳುವನು. ದೋಷವು ಬೆಂಕಿಯಲ್ಲಿಲ್ಲ, ಕೊಪ್ಪರಿಗೆಯಲ್ಲಿಲ್ಲ, ಕಡಿದ ದಿವಸದಲ್ಲಿದೆ.

ಆದಕಾರಣ ಪ್ರಿಯ ಸಹೋದರ ಸಹೋದರಿಯರೇ, ನಾಳೆ ಹಿತ್ತಲಿಗೆ ಹೋದಾಗ ಕಾಯಿಗಳನ್ನು ಹಿಸುಕಬೇಡಿರಿ. ತುದಿಯಲ್ಲಿ ನಸುಗೆಂಪಾದವುಗಳನ್ನು ಕಿತ್ತು ತಂಪಾದ ಮೂಲೆಯಲ್ಲಿಡಿರಿ. ಹಸುರಾದವುಗಳಿಗೆ ಎಲೆಯ ನೆರಳನ್ನೂ ಕ್ರಮವಾದ ನೀರನ್ನೂ ಕೊಟ್ಟು ಬಿಡಿರಿ. ನಿಮ್ಮ ಮನೆಯಲ್ಲಿ ಹದಿನೈದು ಹದಿನಾರು ವರುಷದ ಮಗಳಿದ್ದು ಅವಳಿಗೆ ಸಂಬಂಧವು ಬಂದಿದ್ದರೆ, ಬಂದವರಿಗೆ ಊಟವಿಕ್ಕಿ, "ಇನ್ನೂ ಕಾಲವಾಗಲಿಲ್ಲ" ಎಂದು ಸಮಾಧಾನವಾಗಿ ಹೇಳಿ ಕಳುಹಿಸಿರಿ. ಅದು ಯಾರ ಮುಂದೆಯಾದರೂ ಬಾಯಿ ಬಿಟ್ಟು ಹೇಳಬಹುದಾದ ಮಾತು.